ನೋಟ್‌ಬುಕ್ ಕಟ್ಟು ಮನೆಗೆ ಹೊರಬೇಡಿ: ಶಿಕ್ಷಕರು ವರ್ಷವಿಡೀ ಹುರುಪು ಉಳಿಸಿಕೊಳ್ಳುವುದು ಹೇಗೆ?

ಜೂನ್‌ನಲ್ಲಿ ಹುರುಪಿನಿಂದ ಶಾಲೆಗೆ ಬಂದ ಶಿಕ್ಷಕರು ದಸರಾ ರಜೆಯ ಹೊತ್ತಿಗೆ ಸೋತು ಸುಣ್ಣವಾಗಿರುವುದನ್ನು ನಮ್ಮ ಮಲೆನಾಡಿನಲ್ಲಿ ಪ್ರತಿವರ್ಷ ನೋಡುತ್ತೇನೆ. ರಜೆಯಲ್ಲಿ ನಾಲ್ಕು ದಿನ ಮಲಗೆದ್ದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅನ್ನುವ ಈ ಸ್ಥಿತಿಗೆ ಮೂರು ಗುರುತು ಹೇಳಿದೆ: ತ್ರಾಣ ಪೂರ್ತಿ ಬಸಿದುಹೋಗುವುದು, ಕೆಲಸ ಅಂದರೆ ಬೇಸರ ಬರುವುದು, ಮೊದಲಿನಷ್ಟು ಚೆನ್ನಾಗಿ ಕೆಲಸ ಆಗದಿರುವುದು. ಕೆಲಸದ ಒತ್ತಡ ಬಹುಕಾಲ ಹಾಗೇ ಉಳಿದರೆ ಹೀಗಾಗುತ್ತದೆ. ಆದ್ದರಿಂದ ಜೂನ್‌ನಲ್ಲೇ ಎಚ್ಚರ ವಹಿಸಿ.

ಮೊದಲು ಪಾಠ ಹಂಚಿಕೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ ಇದ್ದದ್ದೇ. ಆ ತಿಂಗಳುಗಳಿಗೆ ಪಾಠ ಕಡಿಮೆ ಹಾಕಿಕೊಳ್ಳಿ.

ಆಮೇಲೆ ಗಂಟಲು. ಶೀಟಿನ ಮೇಲೆ ಮಳೆ ಬಡಿಯುವಾಗ ಕೂಗಿ ಪಾಠ ಮಾಡಲೇಬೇಡಿ. ಬೋರ್ಡಿನಲ್ಲಿ ಬರೆದುಕೊಡಿ, ಮಕ್ಕಳು ಚಿತ್ರ ಬಿಡಿಸಲಿ, ಓದಿಕೊಳ್ಳಲಿ. ಮಳೆ ಇಳಿದ ಮೇಲೆ ಮಾತಾಡಿ.

ಎಲ್ಲರೂ ಎಡವುವುದು ನೋಟ್ಸ್ ತಿದ್ದುವಾಗ. ದಿನಾ ಸಂಜೆ ಕಟ್ಟು ಮನೆಗೆ ಒಯ್ಯುತ್ತಾರೆ, ಅಡುಗೆ ಊಟ ಮುಗಿಸಿ ರಾತ್ರಿ ಸುಮ್ನೆ ಟಿಕ್ ಹಾಕುತ್ತಾರೆ. ಮಗುವಿಗೆ ಅದರಿಂದ ಏನೂ ಸಿಗುವುದಿಲ್ಲ. ತರಗತಿಯಲ್ಲೇ ತಿದ್ದಿ. ಮಕ್ಕಳು ಬರೆಯಲು ಶುರು ಮಾಡಿದ ಕೂಡಲೇ ಪೆನ್ನು ಹಿಡಿದು ಸಾಲುಗಳ ನಡುವೆ ಓಡಾಡಿ. ಒಂದು ದಿನ ಒಂದೇ ಬಗೆಯ ತಪ್ಪು ನೋಡಿ: ಇವತ್ತು ಒತ್ತಕ್ಷರ, ನಾಳೆ ದೀರ್ಘ. ‘ಅಮ’ ಅಂತ ಬರೆದಿದ್ದರೆ ಅಡಿಗೆರೆ ಎಳೆದು ಮುಂದೆ ಹೋಗಿ. ‘ಅಮ್ಮ’ ಅಂತ ಸರಿಪಡಿಸುವುದು ಮಗುವಿನ ಕೆಲಸ. ಮರಳಿ ಬರುವಾಗ ಅದೊಂದೇ ಪದ ನೋಡಿ. ಐದಾರು ಮಕ್ಕಳಲ್ಲಿ ಅದೇ ತಪ್ಪು ಕಂಡರೆ ತಿದ್ದುವುದು ನಿಲ್ಲಿಸಿ, ಬೋರ್ಡಿನ ಹತ್ತಿರ ಹೋಗಿ ಎಲ್ಲರಿಗೂ ಒಮ್ಮೆ ಹೇಳಿಕೊಡಿ. ಪೂರ್ತಿ ಓದಿ ತಿದ್ದಲು ದಿನಕ್ಕೆ ಒಂದೇ ಸಾಲಿನವರ ಪುಸ್ತಕ ಮೇಜಿಗೆ ಬರಲಿ. ಗೈಡ್ ನೋಡಿ ಉದ್ದುದ್ದ ಉತ್ತರ ಬರೆಸುವುದನ್ನು ಬಿಟ್ಟುಬಿಡಿ. ಅದನ್ನು ಬರೆಯುವುದೂ ದಂಡ, ತಿದ್ದುವುದೂ ದಂಡ. ಅಂದಹಾಗೆ, ಮಳೆಗಾಲದಲ್ಲಿ ಜೆಲ್ ಪೆನ್ನು ಬೇಡ. ಥಂಡಿ ಹಿಡಿದ ಹಾಳೆಯಲ್ಲಿ ಶಾಯಿ ಹರಡಿ ಮಗು ಬರೆದದ್ದೇ ಕಾಣುವುದಿಲ್ಲ. ಸಾದಾ ಬಾಲ್‌ಪೆನ್ ಸಾಕು.

ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಪಾಠದ ನಡುನಡುವೆ ಮಾಡುವ), ಎರಡು ಸಂಕಲನಾತ್ಮಕ (ಅರ್ಧವರ್ಷದ ಕೊನೆಗೆ ಮಾಡುವ) ಮೌಲ್ಯಮಾಪನ ಇರುತ್ತವೆ. ಅಂಕಗಳನ್ನು ಆಗಿಂದಾಗಲೇ ಆನ್‌ಲೈನ್‌ನಲ್ಲಿ ತುಂಬಿಬಿಡಿ. ಕೊನೆಯ ದಿನ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವುದು ತಪ್ಪುತ್ತದೆ. ರಾತ್ರಿ ಊಟದ ನಂತರ ಶಾಲೆಯ ವಾಟ್ಸಾಪ್ ಗುಂಪು ತೆರೆಯಬೇಡಿ. ಆಯಾಸಕ್ಕೆ ಅಂತ ಟಾನಿಕ್ ಬಾಟಲಿ ತಂದಿಟ್ಟುಕೊಳ್ಳುವವರಿದ್ದಾರೆ. ಆ ದುಡ್ಡು ಉಳಿಸಿ, ಒಂದು ಗಂಟೆ ಜಾಸ್ತಿ ಮಲಗಿ.

ಏಕೋಪಾಧ್ಯಾಯ ಶಾಲೆಯವರಿಗೆ ಇದಿಷ್ಟು ಸಾಲದು, ನನಗೆ ಗೊತ್ತು. ಪಾಠ, ಬಿಸಿಯೂಟ, ಹಾಲು, ದಾಖಲೆ ಎಲ್ಲವೂ ಒಬ್ಬರ ತಲೆ ಮೇಲೆ. ಅತಿಥಿ ಶಿಕ್ಷಕರು ಬೇಕು ಅಂತ ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಸಮಿತಿ) ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಜೂನ್‌ನಲ್ಲೇ ಬರವಣಿಗೆಯಲ್ಲಿ ಮನವಿ ಕೊಡಿಸಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಲೆಕ್ಕ ಇರುವುದಿಲ್ಲ.

ಇಷ್ಟಾದರೂ ನಿದ್ದೆ ಬರದೆ, ಬೆಳಿಗ್ಗೆ ಶಾಲೆ ನೆನೆದರೆ ಎದೆ ಹೊಡೆದುಕೊಳ್ಳುತ್ತಿದ್ದರೆ ತಡ ಮಾಡಬೇಡಿ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ಕೂತು ಹೇಳಿಕೊಳ್ಳಬೇಕು ಅನ್ನಿಸಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.