ಎಡ ಅಂಚು ಎಳೆದಾಗ ವಿಂಡೋ ಜಾರದಂತೆ ಕೋಡ್ ಬರೆಯುವುದು ಹೇಗೆ?

ನೀವೇ ಬರೆದ ಪ್ರೋಗ್ರಾಮಿನ ವಿಂಡೋವನ್ನು ಎಡ ಅಂಚಿನಲ್ಲಿ ಹಿಡಿದು ಬಲಕ್ಕೆ ಒತ್ತುತ್ತಾ ಹೋಗಿ. ಕಿರಿದಾಗುತ್ತಾ ಬಂದು, ಕನಿಷ್ಠ ಅಗಲ ಮುಟ್ಟಿದ ಕೂಡಲೇ ಅದು ಅಲ್ಲೇ ನಿಲ್ಲಬೇಕು. ನಿಲ್ಲುವ ಬದಲು ಇಡೀ ವಿಂಡೋ ಬಲಕ್ಕೆ ಜಾರತೊಡಗಿದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. ಕಲಿಯುವವರ ಕೋಡ್ ನನ್ನ ಕೈಗೆ ಬಂದಾಗ ನಾನು ಮೊದಲು ಮಾಡುವ ಪರೀಕ್ಷೆ ಇದು. ಬಲ ಅಂಚು, ಕೆಳ ಅಂಚು ಎಲ್ಲರದ್ದೂ ಸರಿಯಾಗಿರುತ್ತದೆ. ಎಡ ಮತ್ತು ಮೇಲಿನ ಅಂಚಿಗೆ ಬಂದಾಗ ಮಾತ್ರ ಎಡವುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾಮೂಲಿ ವಿಂಡೋಗೆ ಇದ್ಯಾವುದೂ ಬೇಕಿಲ್ಲ, ಎಳೆಯುವ ಕೆಲಸವನ್ನೆಲ್ಲ ಆಪರೇಟಿಂಗ್ ಸಿಸ್ಟಮ್ಮೇ ನೋಡಿಕೊಳ್ಳುತ್ತದೆ. ಚೌಕಟ್ಟು ತೆಗೆದುಹಾಕಿ ನಿಮ್ಮದೇ ಟೈಟಲ್ ಬಾರ್ ಬರೆದಿದ್ದರೂ ಅಡ್ಡದಾರಿ ಇದೆ. ವಿಂಡೋಸ್‌ನಲ್ಲಿ ‘ಮೌಸ್ ಇರುವ ಈ ಜಾಗ ಯಾವುದು?’ ಎಂದು ಸಿಸ್ಟಮ್ ಕೇಳುವ ಸಂದೇಶಕ್ಕೆ ‘ಇದು ಟೈಟಲ್ ಬಾರ್’, ‘ಇದು ಎಡ ಅಂಚು’ ಎಂದು ಉತ್ತರ ಕೊಟ್ಟರೆ ಸಾಕು, ಉಳಿದದ್ದನ್ನು ಅದೇ ಮಾಡುತ್ತದೆ. ವಿಂಡೋ, ಗುಂಡಿ ಇಂಥವನ್ನು ಬರೆಯಲು ನೆರವಾಗುವ ಕ್ಯೂಟಿ (Qt) ಲೈಬ್ರರಿ ಬಳಸುವವರಿಗೆ 5.15ನೇ ಆವೃತ್ತಿಯಿಂದ ಸ್ಟಾರ್ಟ್‌ಸಿಸ್ಟಮ್‌ಮೂವ್, ಸ್ಟಾರ್ಟ್‌ಸಿಸ್ಟಮ್‌ರೀಸೈಜ್ ಇವೆ. ಇವು ಸಿಗುವ ಕಡೆ ಸ್ವಂತ ಕೋಡ್ ಬರೆಯಲೇಬೇಡಿ. ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಂತೂ ಪ್ರೋಗ್ರಾಮಿಗೆ ತನ್ನ ವಿಂಡೋ ಪರದೆಯ ಯಾವ ಮೂಲೆಯಲ್ಲಿದೆ ಎಂಬುದೇ ತಿಳಿಯುವುದಿಲ್ಲ, ಹೀಗಾಗಿ ಅಲ್ಲಿ ಇದೊಂದೇ ದಾರಿ. ಮುಂದಿನ ಹಂತಗಳು ಆಟದೊಳಗಿನ ವಿಂಡೋ, ಚಿತ್ರ ಬಿಡಿಸುವ ತಂತ್ರಾಂಶದ ಪ್ಯಾನೆಲ್ ಇಂಥವನ್ನು ತಾವೇ ಬರೆಯಬೇಕಾದವರಿಗೆ.

ಹಂತ 1: ನಾಲ್ಕು ಅಂಚುಗಳನ್ನು ಇಟ್ಟುಕೊಳ್ಳಿ

ಎಕ್ಸ್, ವೈ, ಅಗಲ, ಎತ್ತರ ಎಂದು ಇಟ್ಟುಕೊಳ್ಳುವುದು ರೂಢಿ. ಎಳೆಯುವ ಲೆಕ್ಕಕ್ಕೆ ಅದು ಬೇಡ. ಎಡ, ಮೇಲೆ, ಬಲ, ಕೆಳಗೆ ಎಂಬ ನಾಲ್ಕು ಸಂಖ್ಯೆಗಳಿರಲಿ. ಯಾವ ಅಂಚು ಅಲುಗಬೇಕು, ಯಾವುದು ಅಲುಗಬಾರದು ಎಂಬುದು ಆಗ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಅಗಲ ಬೇಕಾದಾಗ ಬಲದಲ್ಲಿ ಎಡವನ್ನು ಕಳೆಯಿರಿ.

ಹಂತ 2: ಗುಂಡಿ ಒತ್ತಿದ ಕ್ಷಣವನ್ನು ಬರೆದಿಟ್ಟುಕೊಳ್ಳಿ

ಮೌಸ್ ಗುಂಡಿ ಒತ್ತಿದಾಗ ಎರಡು ವಿಷಯ ಉಳಿಸಿ: ಆಗ ಮೌಸ್ ಎಲ್ಲಿತ್ತು, ನಾಲ್ಕು ಅಂಚುಗಳು ಎಲ್ಲಿದ್ದವು. ಗುಂಡಿ ಬಿಡುವವರೆಗೆ ಇವನ್ನು ಮುಟ್ಟಬೇಡಿ.

ಮೌಸ್ ಇರುವ ಜಾಗವನ್ನು ಪರದೆಯ ಮೂಲೆಯಿಂದಲೇ ಅಳೆಯಿರಿ. ಪ್ಯಾನೆಲ್ ಆದರೆ ಅದನ್ನು ಹೊತ್ತ ಹೊರಗಿನ ವಿಂಡೋದ ಮೂಲೆಯಿಂದ. ಎಳೆಯುತ್ತಿರುವುದರದೇ ಮೂಲೆಯಿಂದ ಅಳೆದರೆ ಅದು ಸರಿದಂತೆಲ್ಲ ಅಳತೆಗೋಲೂ ಸರಿಯುತ್ತದೆ. ಮೌಸ್ 10 ಪಿಕ್ಸೆಲ್ ಹೋಯಿತು, ವಿಂಡೋ 10 ಪಿಕ್ಸೆಲ್ ಹಿಂಬಾಲಿಸಿತು, ಈಗ ವಿಂಡೋದ ಲೆಕ್ಕದಲ್ಲಿ ಮೌಸ್ ಕದಲಿಯೇ ಇಲ್ಲ, ಹಾಗಾಗಿ ವಿಂಡೋ ಹಿಂದಕ್ಕೆ ಜಿಗಿಯುತ್ತದೆ. ಎಳೆಯುವಾಗ ವಿಂಡೋ ಗಡಗಡ ನಡುಗುವುದು ಇದರಿಂದ. ಕಂಪ್ಯೂಟರ್ ನಿಧಾನ ಎಂದುಕೊಂಡು ಟೈಮರ್ ಹಾಕಿದವರನ್ನೂ ಕಂಡಿದ್ದೇನೆ. ಟೈಮರಿನಿಂದ ನಡುಕದ ವೇಗ ಬದಲಾಗುತ್ತದೆ, ನಡುಕ ನಿಲ್ಲುವುದಿಲ್ಲ.

ಗುಂಡಿ ಒತ್ತಿದಾಗಲೇ ಮೌಸನ್ನು ನಿಮ್ಮ ವಶಕ್ಕೆ ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ಅದಕ್ಕೆ ಸೆಟ್‌ಕ್ಯಾಪ್ಚರ್ ಇದೆ. ಇಲ್ಲದಿದ್ದರೆ ಜೋರಾಗಿ ಎಳೆದಾಗ ಮೌಸ್ ವಿಂಡೋದಿಂದ ಹೊರಗೆ ಹೋಗಿ ಎಳೆತ ಕೈತಪ್ಪುತ್ತದೆ.

ಹಂತ 3: ಸ್ಥಳಾಂತರ

ಈಗಿನ ಮೌಸ್ ಸ್ಥಾನದಲ್ಲಿ ಒತ್ತಿದಾಗಿನ ಸ್ಥಾನವನ್ನು ಕಳೆಯಿರಿ, ಬಂದ ಅಂತರವನ್ನು ಉಳಿಸಿಟ್ಟ ನಾಲ್ಕೂ ಅಂಚುಗಳಿಗೆ ಕೂಡಿಸಿ. ಮುಗಿಯಿತು.

ಹಂತ 4: ಗಾತ್ರ ಬದಲಾವಣೆ

ಇಲ್ಲಿ ನಿಧಾನಿಸಿ. ವಿಂಡೋದ ಎಡ ಅಂಚು 100ರಲ್ಲಿ, ಬಲ ಅಂಚು 500ರಲ್ಲಿ ಇದೆ, ಕನಿಷ್ಠ ಅಗಲ 200 ಎಂದಿಟ್ಟುಕೊಳ್ಳಿ. ಎಡ ಅಂಚು ಹಿಡಿದು 250 ಪಿಕ್ಸೆಲ್ ಬಲಕ್ಕೆ ಎಳೆದಿರಿ. ಹೊಸ ಎಡ 350, ಅಗಲ 150. ಅಗಲ ಕಡಿಮೆಯಾಯಿತೆಂದು ಕೋಡ್ ಅದನ್ನು 200ಕ್ಕೆ ಏರಿಸುತ್ತದೆ. ಎಡ ಮಾತ್ರ 350ರಲ್ಲೇ ಉಳಿಯಿತು. ಬಲ ಅಂಚು ಈಗ 550! ಯಾರೂ ಮುಟ್ಟದ ಅಂಚು 50 ಪಿಕ್ಸೆಲ್ ಸರಿದಿದೆ. ವಿಂಡೋ ಜಾರುವುದು ಹೀಗೆ.

ಮಿತಿ ಹಾಕಬೇಕಾದದ್ದು ಅಗಲಕ್ಕಲ್ಲ, ಎಳೆಯುತ್ತಿರುವ ಅಂಚಿಗೆ. ಬಲ ಅಂಚು 500ರಲ್ಲಿ ನೆಟ್ಟಿದೆ, ಆದ್ದರಿಂದ ಎಡ ಅಂಚು 500ರಲ್ಲಿ 200 ಕಳೆದ 300ನ್ನು ದಾಟುವಂತಿಲ್ಲ. 350 ಮತ್ತು 300ರಲ್ಲಿ ಚಿಕ್ಕದನ್ನು ಎಡ ಅಂಚಿಗೆ ಕೊಡಿ. ಬಲ ಅಂಚಿನ ಸಂಖ್ಯೆಯನ್ನು ಕೋಡಿನ ಈ ಸಾಲಿನಲ್ಲಿ ಓದಬಹುದು, ಬದಲಿಸಬಾರದು. ಮೇಲಿನ ಅಂಚಿಗೂ ಇದೇ ಲೆಕ್ಕ, ಅಲ್ಲಿ ನೆಟ್ಟಿರುವುದು ಕೆಳ ಅಂಚು.

ಎರಡನೇ ತಪ್ಪು, ಪ್ರತಿ ಸಲ ಮೌಸ್ ಕದಲಿದಾಗ ‘ಹಿಂದಿನ ಸಲಕ್ಕಿಂತ ಎಷ್ಟು ಸರಿಯಿತು’ ಎಂದು ನೋಡಿ ಈಗಿನ ಅಂಚಿಗೆ ಕೂಡಿಸುತ್ತಾ ಹೋಗುವುದು. ಮಿತಿ ಮುಟ್ಟುವವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಅಂಚು 300ರಲ್ಲಿ ನಿಂತ ಮೇಲೂ ಮೌಸ್ 50 ಪಿಕ್ಸೆಲ್ ಮುಂದೆ ಹೋಗಿ, 30 ಹಿಂದೆ ಬಂತು ಎನ್ನಿ. ಮೌಸ್ ಇನ್ನೂ ಮಿತಿಯಿಂದ 20 ಆಚೆಗಿದೆ, ಆದರೆ ಅಂಚು ಆಗಲೇ 270ಕ್ಕೆ ಹೊರಟಿದೆ. ಅಲ್ಲಿಂದ ಮುಂದೆ ಮೌಸಿಗೂ ಅಂಚಿಗೂ 50 ಪಿಕ್ಸೆಲ್ ಅಗಲಿಕೆ. ಹಂತ 2ರಲ್ಲಿ ಉಳಿಸಿಟ್ಟ ಅಂಚಿನಿಂದಲೇ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಿದರೆ, ಮೌಸ್ ತಿರುಗಿ ಬರುವವರೆಗೂ ಅಂಚು ಕಾಯುತ್ತದೆ.

ನಾಲ್ಕು ಬದಿ, ನಾಲ್ಕು ಮೂಲೆ ಎಂದು ಎಂಟು ಷರತ್ತುಗಳ ಸರಪಳಿ ಬರೆಯಬೇಡಿ. ಒಂದರಲ್ಲಿ ತಪ್ಪು ನುಸುಳಿ, ಉಳಿದ ಏಳು ಸರಿ ಇರುವುದರಿಂದ ತಿಂಗಳುಗಟ್ಟಲೆ ಯಾರಿಗೂ ಕಾಣುವುದಿಲ್ಲ. ‘ಎಡ ಹಿಡಿದಿದೆಯೇ, ಬಲ ಹಿಡಿದಿದೆಯೇ, ಮೇಲೆ, ಕೆಳಗೆ’ ಎಂದು ನಾಲ್ಕು ಹೌದು-ಅಲ್ಲಗಳಿದ್ದರೆ ಸಾಕು. ಮೇಲಿನ ಎಡ ಮೂಲೆ ಹಿಡಿದರೆ ಎರಡು ಹೌದು. ಅಡ್ಡ ಮತ್ತು ಉದ್ದದ ಲೆಕ್ಕ ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತವೆ.

ಹಂತ 5: ಒಂದೇ ಕರೆಯಲ್ಲಿ ಒಪ್ಪಿಸಿ

ಮೊದಲು ಸರಿಸಿ, ಆಮೇಲೆ ಗಾತ್ರ ಬದಲಿಸಿದರೆ ನಡುವಿನ ಅರೆಬರೆ ಸ್ಥಿತಿ ಪರದೆಯ ಮೇಲೆ ಮಿಂಚಿ ಹೋಗಬಹುದು. ಲಿನಕ್ಸ್‌ನ ಹಳೆಯ ವಿಂಡೋ ವ್ಯವಸ್ಥೆಯಾದ ಎಕ್ಸ್11ರಲ್ಲಿ ಎಕ್ಸ್‌ಮೂವ್‌ರೀಸೈಜ್‌ವಿಂಡೋ, ಕ್ಯೂಟಿಯಲ್ಲಿ ಸೆಟ್‌ಜಿಯೊಮೆಟ್ರಿ, ವಿಂಡೋಸ್‌ನಲ್ಲಿ ಮೂವ್‌ವಿಂಡೋ ಅಥವಾ ಸೆಟ್‌ವಿಂಡೋಪಾಸ್ ಎರಡನ್ನೂ ಒಟ್ಟಿಗೆ ಮಾಡುತ್ತವೆ. ಸೆಟ್‌ವಿಂಡೋಪಾಸ್ ಬಳಸುವಾಗ ಎರಡನೇ ಪ್ಯಾರಾಮೀಟರಿಗೆ ಸೊನ್ನೆ ಕೊಟ್ಟು ಸುಮ್ಮನಾದರೆ ವಿಂಡೋ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಮೇಲೆ-ಕೆಳಗಿನ ಕ್ರಮ ಬದಲಿಸಬೇಡ ಎನ್ನುವ ಸೂಚಕವನ್ನು ಮರೆಯದೆ ಸೇರಿಸಿ.

ಹಂತ 6: ಸ್ಥಾನ ಉಳಿಸುವುದು

ಗುಂಡಿ ಬಿಟ್ಟಾಗ ಮೌಸನ್ನೂ ಬಿಟ್ಟುಕೊಡಿ, ಪ್ರೋಗ್ರಾಮ್ ಮುಚ್ಚುವಾಗ ವಿಂಡೋದ ಸ್ಥಾನ ಉಳಿಸಿ. ಪ್ರತಿ ಸಲ ತೆರೆದಾಗಲೂ ವಿಂಡೋ ಸ್ವಲ್ಪ ಕೆಳಗಿಳಿಯುತ್ತಿದ್ದರೆ ಟೈಟಲ್ ಬಾರಿನ ಲೆಕ್ಕ ಬೆರೆತಿದೆ. ಕ್ಯೂಟಿಯಲ್ಲಿ ಜಿಯೊಮೆಟ್ರಿ ಚೌಕಟ್ಟಿನ ಒಳಗಿನ ಜಾಗ ಹೇಳುತ್ತದೆ, ಮೂವ್ ಚೌಕಟ್ಟು ಸೇರಿಸಿಕೊಂಡು ಇಡುತ್ತದೆ. ಒಂದರಿಂದ ಓದಿ ಇನ್ನೊಂದಕ್ಕೆ ಕೊಟ್ಟರೆ ಟೈಟಲ್ ಬಾರಿನಷ್ಟು ಇಳಿತ ಖಚಿತ. ಚೌಕಟ್ಟು ಸೇರಿದ ಸ್ಥಾನ ಹೇಳುವ ಪಾಸ್ ಜೊತೆ ಮೂವ್, ಜಿಯೊಮೆಟ್ರಿ ಜೊತೆ ಸೆಟ್‌ಜಿಯೊಮೆಟ್ರಿ.

ಋಣ ಸಂಖ್ಯೆ ಕಂಡು ತಪ್ಪೆಂದು ಸೊನ್ನೆ ಮಾಡಬೇಡಿ. ವಿಂಡೋಸ್‌ನಲ್ಲಿ ಮುಖ್ಯ ಪರದೆಯ ಎಡಕ್ಕೆ ಇನ್ನೊಂದು ಮಾನಿಟರ್ ಇದ್ದರೆ ಅಲ್ಲಿನ ಎಕ್ಸ್ ಋಣವೇ. ವಿಂಡೋಸ್‌ನ ಮೌಸ್ ಸಂದೇಶದಿಂದ ಸ್ಥಾನ ಬಿಡಿಸುವಾಗ ಚಿಹ್ನೆ ಮರೆತರೆ −10 ಎಂಬುದು 65526 ಆಗಿ ಬರುತ್ತದೆ, ವಿಂಡೋ ಕಣ್ಮರೆಯಾಗುತ್ತದೆ. ಹಾಗೆಯೇ, ಉಳಿಸಿಟ್ಟ ಸ್ಥಾನಕ್ಕೆ ವಿಂಡೋವನ್ನು ತರುವ ಮುನ್ನ ಆ ಮಾನಿಟರ್ ಈಗಲೂ ಜೋಡಿಸಿದೆಯೇ ನೋಡಿ. ಟೈಟಲ್ ಬಾರಿನ ಒಂದಿಷ್ಟು ಭಾಗವೂ ಯಾವ ಪರದೆಯಲ್ಲೂ ಬೀಳದಿದ್ದರೆ ಮುಖ್ಯ ಪರದೆಗೆ ಎಳೆದು ತನ್ನಿ. ಬಳಸುವವರ ಕೈಗೆ ಹಿಡಿಯಲು ಅಷ್ಟಾದರೂ ಸಿಗಬೇಕು.