ಬ್ಲಾಗಲ್ಲಿ ಬರೀಲಾ, ಗ್ರೂಪಲ್ಲಿ ಬರೀಲಾ? ಓದೋರನ್ನ ಸಂಪಾದಿಸೋ ದಾರಿ ಬಗ್ಗೆ ಒಬ್ಬ ಅಡಿಕೆ ಬೆಳೆಗಾರನ ಲೆಕ್ಕಾಚಾರ

ಪ್ರತಿ ವರ್ಷ ಮೇ ಕೊನೇ ವಾರ ಬಂತು ಅಂದ್ರೆ ನನ್ನ ಬ್ಲಾಗಿಗೆ ಜನ ಬರೋಕೆ ಶುರು ಮಾಡ್ತಾರೆ. ನಾನು ಹೊಸದಾಗಿ ಏನೂ ಬರ್ದಿರಲ್ಲ, ಯಾರಿಗೂ ಲಿಂಕ್ ಕಳ್ಸಿರಲ್ಲ, ಆದ್ರೂ ಬರ್ತಾರೆ. ಯಾಕಂದ್ರೆ ಮಳೆ ಹಿಡಿಯೋಕೆ ಮುಂಚೆ ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣ ನೀರಲ್ಲಿ ಬೆರೆಸಿ ಮಾಡೋ ಔಷಧಿ) ಹೊಡೀಬೇಕು, ಮೈಲುತುತ್ತು ಎಷ್ಟು ಸುಣ್ಣ ಎಷ್ಟು ಅಂತ ಮೊಬೈಲಲ್ಲಿ ಹುಡುಕ್ತಾರೆ, ಆರು ವರ್ಷದ ಹಿಂದೆ ನಾನು ಬರೆದಿಟ್ಟ ಒಂದು ಲೇಖನ ಸಿಗುತ್ತೆ. ಅದೇ ವಿಷ್ಯನ ನಾನು ಗ್ರೂಪುಗಳಲ್ಲಿ ಎಷ್ಟು ಸಲ ಬರ್ದಿದೀನೋ ಲೆಕ್ಕ ಇಲ್ಲ, ಅದ್ರಲ್ಲಿ ಒಂದೂ ಈಗ ಹುಡುಕಿದ್ರೆ ನನಗೇ ಸಿಗಲ್ಲ.

ಹಂಗಂತ ಗ್ರೂಪು ದಂಡ ಅಂತಲ್ಲ, ಆ ಲೇಖನ ಹುಟ್ಟಿದ್ದೇ ಗ್ರೂಪಲ್ಲಿ. ಇದನ್ನ ಯಾಕೆ ಬರೀತಿದೀನಿ ಅಂದ್ರೆ ನಮ್ಮ ಭಾವನ ಮಗ ಜೇನು ಸಾಕ್ತಾನೆ, ಚೆನ್ನಾಗಿ ಬರೀತಾನೆ ಕೂಡ, ಮೊನ್ನೆ ಮನೆಗೆ ಬಂದವ್ನು “ಮಾವ, ಬ್ಲಾಗ್ ಮಾಡ್ಲಾ ಅಥ್ವಾ ಗ್ರೂಪಲ್ಲೇ ಬರ್ಕೊಂಡು ಹೋಗ್ಲಾ” ಅಂತ ಕೇಳ್ದ. ಅವನಿಗೆ ಎರಡು ಗಂಟೆ ಕೊರೆದಿದ್ದನ್ನೇ ಇಲ್ಲಿ ಹಾಕ್ತಿದೀನಿ, ಬೇರೆಯವರಿಗೂ ಉಪಯೋಗ ಆಗ್ಬಹುದು.

ಗ್ರೂಪು ಅಂದ್ರೆ ಇಲ್ಲಿ ನಾಲ್ಕು ಜನ ಸೇರಿ ಪ್ರಶ್ನೆ ಉತ್ತರ ಮಾಡೋ ಎಲ್ಲಾ ಜಾಗನೂ ಸೇರುತ್ತೆ, ಫೇಸ್‌ಬುಕ್ ಗ್ರೂಪು, ಟೆಲಿಗ್ರಾಂ, ವಾಟ್ಸಾಪ್, ಕೋರಾ ಕನ್ನಡ, ರೆಡಿಟ್. ಹಿಂದೆ ಆರ್ಕುಟ್ ಕಮ್ಯುನಿಟಿ, ಯಾಹೂ ಗ್ರೂಪ್ಸ್ ಇದ್ವು. 2005ರಲ್ಲಿ ಶುರುವಾದ ಸಂಪದ ಅನ್ನೋ ಕನ್ನಡ ವೆಬ್‌ಸೈಟಲ್ಲಂತೂ ಬ್ಲಾಗೂ ಚರ್ಚೆನೂ ಒಂದೇ ಸೂರಿನ ಕೆಳಗೆ ಇತ್ತು, ಆಗ ಈ ಪ್ರಶ್ನೆನೇ ಬರ್ತಿರ್ಲಿಲ್ಲ ನೋಡಿ.

ನನ್ನ ಸಲಹೆ ಇಷ್ಟು, ಮೊದಲು ಗ್ರೂಪಿಗೆ ಹೋಗಿ, ಆದ್ರೆ ಬರೆಯೋಕಲ್ಲ, ಕೇಳಿಸ್ಕೊಳ್ಳೋಕೆ. ನಿಮ್ಮ ವಿಷ್ಯದ ಎರಡೇ ಎರಡು ಗ್ರೂಪು ಸೇರಿ, ಹತ್ತು ಬೇಡ. ಎರಡು ಮೂರು ವಾರ ಬಾಯಿ ಮುಚ್ಕೊಂಡು ಓದಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೊಂಡು ಜನ ಏನು ಕೇಳ್ತಾರೆ ಅನ್ನೋದನ್ನ ಅವರ ಮಾತಲ್ಲೇ ಬರ್ಕೊಳ್ಳಿ, ನಿಮ್ಮ ಮಾತಿಗೆ ತಿದ್ದಬೇಡಿ. ಇದು ತುಂಬಾ ಮುಖ್ಯ. ನಾನು ಕೊಳೆ ರೋಗ ಅಂತೀನಿ, ಪುತ್ತೂರು ಸುಳ್ಯದವರು ಮಹಾಳಿ ಅಂತಾರೆ, ನಾವು ಔಷಧಿ ಹೊಡೀತೀವಿ, ಅವರು ಮದ್ದು ಬಿಡ್ತಾರೆ, ಇನ್ನೊಬ್ರು ಬರೀ “ಕಾಯಿ ಉದುರ್ತಿದೆ ಏನ್ಮಾಡ್ಲಿ” ಅಂತ ಕೇಳ್ತಾರೆ. ಮೂರೂ ಒಂದೇ ರೋಗ. ಬ್ಲಾಗಲ್ಲಿ ನಾನು “ಅಡಿಕೆಯ ಶಿಲೀಂಧ್ರ ರೋಗಗಳ ನಿರ್ವಹಣೆ” ಅಂತ ದೊಡ್ಡದಾಗಿ ಹೆಡ್ಡಿಂಗ್ ಕೊಟ್ಟಿದ್ದೆ, ಯಾವ ರೈತ ಅದನ್ನ ಟೈಪ್ ಮಾಡಿ ಹುಡುಕ್ತಾನೆ ಹೇಳಿ. ಮೊದಲ ಮೂರು ತಿಂಗಳು ದಿನಕ್ಕೆ ಏಳೆಂಟು ಜನ ಬರೋರು, ಅದ್ರಲ್ಲಿ ಮೂರು ಸಲ ನಾನೇ.

ಆಮೇಲೆ ಉತ್ತರ ಕೊಡೋಕೆ ಶುರು ಮಾಡಿ. ಪೂರ್ತಿ ಉತ್ತರ ಅಲ್ಲೇ ಕೊಡಿ, “ವಿವರಕ್ಕೆ ನನ್ನ ಬ್ಲಾಗ್ ನೋಡಿ” ಅಂತ ಬಾಲ ಕಟ್ಟಬೇಡಿ. ಬರೀ ಲಿಂಕ್ ಎಸೆದು ಹೋಗೋರನ್ನ ಅಡ್ಮಿನ್ ಮೊದಲು ಎಚ್ಚರಿಸ್ತಾರೆ, ಆಮೇಲೆ ತೆಗೆದು ಹಾಕ್ತಾರೆ, ನನ್ನನ್ನೂ ಒಂದು ಕಡೆ ತೆಗೆದಿದ್ರು, ಅವರದ್ದೇ ಸರಿ ಅಂತ ಈಗ ಅನ್ಸುತ್ತೆ. ಎಲ್ಲಾ ಕಡೆ ಒಂದೇ ಹೆಸರು ಒಂದೇ ಫೋಟೋ ಇಟ್ಕೊಳ್ಳಿ, ಗುಲಾಬಿ ಹೂವಿನ ಫೋಟೋ ಹಾಕ್ಕೊಂಡವರನ್ನ ಯಾರೂ ನೆನಪಿಟ್ಕೊಳ್ಳಲ್ಲ.

ಗ್ರೂಪಿನ ದೊಡ್ಡ ಲಾಭ ನನ್ನ ಪ್ರಕಾರ ಜನ ಸಿಗೋದಲ್ಲ, ತಪ್ಪು ತಿದ್ದೋರು ಸಿಗೋದು. ಒಂದ್ಸಲ ನಾನು ಬೋರ್ಡೋ ಮಾಡೋದು ಹೇಗೆ ಅಂತ ಬರೆಯೋವಾಗ ತುತ್ತದ ನೀರಿಗೆ ಸುಣ್ಣದ ನೀರು ಸುರೀರಿ ಅಂತ ಉಲ್ಟಾ ಬರ್ದುಬಿಟ್ಟಿದ್ದೆ. ಐದು ನಿಮಿಷ ಆಗಿಲ್ಲ, ಒಬ್ರು ಹಿರಿಯರು “ತಮಾ, ತಿರುಗಾಮುರುಗಾ ಆತಲ” ಅಂತ ಹಾಕಿದ್ರು. ಒಂದು ಕೆಜಿ ಮೈಲುತುತ್ತು ಐವತ್ತು ಲೀಟರಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು ಐವತ್ತು ಲೀಟರಲ್ಲಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಕಲಕ್ತಾ ಹಾಕ್ಬೇಕು, ಪ್ಲಾಸ್ಟಿಕ್ ಡ್ರಮ್ಮಲ್ಲಿ ಮಾಡ್ಬೇಕು, ಕಬ್ಬಿಣದ ಕತ್ತಿ ಅದ್ದಿ ನೋಡಿದಾಗ ತಾಮ್ರದ ಬಣ್ಣ ಕೂತ್ರೆ ಸುಣ್ಣ ಸಾಲಲ್ಲ ಅಂತ ಅರ್ಥ, ಇಷ್ಟೂ ಅವರೇ ಬರೆದ್ರು. ಅದೇ ತಪ್ಪು ಬ್ಲಾಗಲ್ಲಿ ಆಗಿದ್ರೆ ವರ್ಷಗಟ್ಟಲೆ ಹಾಗೇ ಇರ್ತಿತ್ತು, ಯಾಕಂದ್ರೆ ಬ್ಲಾಗಲ್ಲಿ ಈಗ ಯಾರೂ ಕಾಮೆಂಟ್ ಹಾಕಲ್ಲ. ಓದ್ತಾರೆ, ಸ್ಕ್ರೀನ್‌ಶಾಟ್ ಹೊಡ್ಕೋತಾರೆ, ಹೋಗ್ತಾರೆ. ಅದಕ್ಕೇ ನಾನು ಈಗ ಏನೇ ಇದ್ರೂ ಮೊದಲು ಗ್ರೂಪಲ್ಲಿ ಹಾಕಿ, ಬೈಸ್ಕೊಂಡು, ಆಮೇಲೆ ಬ್ಲಾಗಿಗೆ ಏರಿಸ್ತೀನಿ.

ಆದ್ರೆ ಅಲ್ಲೇ ಕೂತುಬಿಟ್ರೆ ಕಷ್ಟ. ಗ್ರೂಪು ಅಂದ್ರೆ ಗೇಣಿ ಜಮೀನು. 1974ರಲ್ಲಿ ನಮ್ಮಲ್ಲಿ ಉಳುವವನೇ ಹೊಲದೊಡೆಯ ಅಂತ ಕಾನೂನು ಬಂತು, ಡಿಕ್ಲರೇಶನ್ (ಈ ಜಮೀನು ಉಳ್ತಿರೋದು ನಾನೇ ಅನ್ನೋ ಅರ್ಜಿ) ಹಾಕಿದ ಗೇಣಿದಾರರಿಗೆ ಜಮೀನಾಯ್ತು, ಫೇಸ್‌ಬುಕ್ಕಲ್ಲಿ ಹತ್ತು ವರ್ಷ ಉಳುಮೆ ಮಾಡಿದ್ರೂ ಡಿಕ್ಲರೇಶನ್ ಹಾಕೋಕೆ ಟ್ರಿಬ್ಯೂನಲ್ ಇಲ್ಲ. ಆರ್ಕುಟ್ 2014ರ ಸೆಪ್ಟೆಂಬರಲ್ಲಿ ಮುಚ್ತು, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ, ಅಲ್ಲಿ ಬರ್ದೋರ ಎಷ್ಟು ಬರಹ ಹೋಯ್ತೋ ಏನೋ. ಮುಚ್ಚದೇ ಇದ್ರೂ ಹೋಗುತ್ತೆ, ಪ್ರೈವೇಟ್ ಗ್ರೂಪಲ್ಲಿ ಬರೆದಿದ್ದು ಗೂಗಲ್‌ಗೆ ಕಾಣೋದೇ ಇಲ್ಲ, ವಾಟ್ಸಾಪಲ್ಲಿ ಬರೆದಿದ್ದು ಸಂಜೆ ಹೊತ್ತಿಗೆ ಗುಡ್ ನೈಟ್ ಫೋಟೋಗಳ ಅಡಿಗೆ ಹೋಗಿರುತ್ತೆ. ಕೋರಾ, ರೆಡಿಟ್ ಮಾತ್ರ ಸ್ವಲ್ಪ ಬೇರೆ, ಅಲ್ಲಿನ ಉತ್ತರ ಗೂಗಲ್ಲಲ್ಲಿ ಸಿಗುತ್ತೆ, ಆದ್ರೂ ಜಾಗ ನಿಮ್ದಲ್ಲ. ಉದ್ದ ಉತ್ತರ ಬರೆಯೋದಾದ್ರೆ ಗೂಗಲ್ ಡಾಕ್ಸಲ್ಲೋ ನೋಟ್ಸಲ್ಲೋ ಬರೆದು ಆಮೇಲೆ ಗ್ರೂಪಿಗೆ ಅಂಟಿಸಿ, ಈ ಒಂದು ಅಭ್ಯಾಸ ನಾನು ಮೊದಲ ದಿನದಿಂದ ಮಾಡಿದ್ರೆ ಇವತ್ತು ಇನ್ನೂ ಮೂವತ್ತು ಲೇಖನ ಇರ್ತಿದ್ವು.

ಬ್ಲಾಗಿಗೆ ಯಾವಾಗ ಏರಿಸ್ಬೇಕು ಅನ್ನೋದಕ್ಕೆ ನಾನು ಇಟ್ಕೊಂಡಿರೋ ಲೆಕ್ಕ ಮೂರು. ಒಂದೇ ಪ್ರಶ್ನೆ ಮೂರು ಬೇರೆ ಬೇರೆ ಜನ ಕೇಳಿದ್ರೆ ಅದು ಲೇಖನ. ಹೆಡ್ಡಿಂಗ್ ಕೇಳಿದವರ ಮಾತಲ್ಲೇ ಇರ್ಲಿ, ರೋಗದ ಎರಡು ಮೂರು ಹೆಸರೂ ಮೊದಲ ಪ್ಯಾರಾದಲ್ಲೇ ಬರ್ಲಿ. ಎಷ್ಟೋ ಜನ ಕನ್ನಡ ಪದನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕ್ತಾರೆ, ಹಾಗಾಗಿ ಲೇಖನದ ಕೊನೇಲಿ ಒಂದು ಸಾಲು ಆ ಥರನೂ ಬರೆದಿಡಿ, ನೋಡೋಕೆ ಚಂದ ಇರಲ್ಲ, ಇರ್ಲಿ ಬಿಡಿ.

ಕನ್ನಡದಲ್ಲಿ ಬ್ಲಾಗ್ ಮಾಡೋರು ಬೀಳೋ ಗುಂಡಿ ಕೆಲವು ಇವೆ, ನಾನು ಎಲ್ಲದ್ರಲ್ಲೂ ಬಿದ್ದಿದೀನಿ. ಗೂಗಲ್ಲಿನ ಬ್ಲಾಗರ್ ಅನ್ನೋ ತಾಣದಲ್ಲಿ ಹೆಡ್ಡಿಂಗ್ ಬರೀ ಕನ್ನಡದಲ್ಲಿ ಕೊಟ್ರೆ ಲೇಖನದ ವಿಳಾಸಕ್ಕೆ ಆ ಅಕ್ಷರ ಬರಲ್ಲ, ಬ್ಲಾಗ್ ಪೋಸ್ಟ್ ಅಂತ ಹಾಕಿ ಮುಂದೆ ಏನೋ ನಂಬರ್ ಕೊಟ್ಟುಬಿಡುತ್ತೆ. ಪಬ್ಲಿಶ್ ಮಾಡೋ ಮುಂಚೆ ಬಲಗಡೆ ಪರ್ಮಾಲಿಂಕ್ ಅಂತ ಇರುತ್ತೆ, ಅಲ್ಲಿ ಕಸ್ಟಮ್ ಒತ್ತಿ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಪದ ಕೊಡಿ. ಆಮೇಲೆ ಬದಲಾಯಿಸೋಕೆ ಹೋದ್ರೆ ಹಂಚಿದ ಲಿಂಕ್ ಎಲ್ಲಾ ಸಾಯುತ್ತೆ. ವರ್ಡ್‌ಪ್ರೆಸ್ಸಲ್ಲಿ ಇದ್ರ ಉಲ್ಟಾ ತೊಂದ್ರೆ, ಕನ್ನಡನ ತಗೊಳ್ಳುತ್ತೆ, ಆದ್ರೆ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದ್ರೆ ಪರ್ಸೆಂಟ್ ಗುರುತು ತುಂಬಿದ ಮಾರುದ್ದ ಬಾಲ ಬರುತ್ತೆ, ಜನ ವೈರಸ್ಸು ಅಂತ ಒತ್ತೋದೇ ಇಲ್ಲ, ಅಲ್ಲೂ ಇಂಗ್ಲಿಷ್ ಅಕ್ಷರನೇ ವಾಸಿ. ನುಡಿ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿಟ್ಟಿದ್ದನ್ನ ಹಾಗೇ ಪೇಸ್ಟ್ ಮಾಡಿದ್ರೆ ಏನೇನೋ ಚಿಹ್ನೆ ಕಾಣುತ್ತೆ, ಯೂನಿಕೋಡಿಗೆ ಕನ್ವರ್ಟ್ ಮಾಡ್ಕೊಳ್ಳಿ. ಇನ್ನೊಂದು ನಮ್ಮವರ ಚಟ, ಬರಹನ ಫೋಟೋ ಮೇಲೆ ಹೂವಿನ ಬಾರ್ಡರ್ ಹಾಕಿ ಪೋಸ್ಟರ್ ಮಾಡೋದು. ಗ್ರೂಪಲ್ಲಿ ಲೈಕ್ ಬರುತ್ತೆ, ಬ್ಲಾಗಲ್ಲಿ ಅದನ್ನೇ ಹಾಕಿದ್ರೆ ಹುಡುಕೋಕೆ ಅಕ್ಷರನೇ ಇಲ್ವಲ್ಲ.

ಗೂಗಲ್ ಸರ್ಚ್ ಕನ್ಸೋಲ್‌ಗೆ ಬ್ಲಾಗ್ ಸೇರಿಸಿ, ದುಡ್ಡಿಲ್ಲ. ಜನ ಏನು ಟೈಪ್ ಮಾಡಿ ನಿಮ್ಮಲ್ಲಿಗೆ ಬಂದ್ರು ಅಂತ ಅದ್ರಲ್ಲಿ ಕಾಣುತ್ತೆ. ಕಾಮೆಂಟ್ ಬರದೇ ಇರೋ ಬ್ಲಾಗಿಗೆ ಕಿವಿ ಅಂದ್ರೆ ಅದೊಂದೇ. ನನ್ನ ಬೋರ್ಡೋ ಲೇಖನಕ್ಕೆ ಜನ “100 ಲೀಟರಿಗೆ ಎಷ್ಟು” ಅಂತ ಹುಡುಕಿ ಬರ್ತಿದ್ರು, ನನ್ನ ಬ್ಯಾರಲ್ 200 ಲೀಟರಿಂದು ಅಂತ ನಾನು ಆ ಲೆಕ್ಕ ಕೊಟ್ಟಿದ್ದೆ, ಎರಡೂ ಬರೆದ ಮೇಲೆ ಜನ ಹೆಚ್ಚಾದ್ರು. ಹೊಸ ಬ್ಲಾಗನ್ನ ಗೂಗಲ್ ತಕ್ಷಣ ಮೇಲೆ ತೋರ್ಸಲ್ಲ, ತಿಂಗಳುಗಟ್ಟಲೆ ಆಗ್ಬಹುದು, ಆ ಟೈಮಲ್ಲೇ ಜಾಸ್ತಿ ಜನ ಕೈ ಬಿಡೋದು. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯೋರಿಗೆ ಇದೇನು ದೊಡ್ಡದಲ್ಲ ಅಂತ ಭಾವನ ಮಗನಿಗೆ ಹೇಳಿದೆ, ಅವನು ಜೇನಿನವನು, ಮುಂದಿನ ಸೀಸನ್ನಿಗೇ ತುಪ್ಪ ನೋಡೋವ್ನು, ಮುಖ ಸಣ್ಣ ಮಾಡ್ಕೊಂಡ.

ಎಲ್ಲಾ ವಿಷ್ಯಕ್ಕೂ ಬ್ಲಾಗ್ ಬೇಡ. ಇವತ್ತಿನ ರಾಶಿ ಅಡಿಕೆ ರೇಟು, ಚಾಲಿ ಅಡಿಕೆ ರೇಟು, ನಾಳೆ ಮಳೆ ಬರುತ್ತಾ, ಇವೆಲ್ಲ ಗ್ರೂಪಿಗೇ ಸರಿ, ರೇಟಿನ ಪೋಸ್ಟಿಗೆ ಸಂಜೆವರೆಗೆ ಆಯಸ್ಸು. ವರ್ಷಾ ವರ್ಷಾ ತಿರುಗಿ ಬರೋ ಪ್ರಶ್ನೆ ಇದ್ಯಲ್ಲ, ರೋಗ, ಗೊಬ್ಬರ, ಅಡುಗೆ, ಅರ್ಜಿ ತುಂಬೋದು, ಅದು ಬ್ಲಾಗಿಂದು. ಕಥೆ ಕವನ ಬರೆಯೋರ ಕಷ್ಟ ಬೇರೆ, ಗೊತ್ತೇ ಇಲ್ಲದ ಕವನನ ಯಾರೂ ಗೂಗಲ್ಲಲ್ಲಿ ಹುಡುಕಲ್ಲ, ಅವರಿಗೆ ಓದೋರು ಸಿಗೋದು ಫೇಸ್‌ಬುಕ್ಕಲ್ಲಿ, ಪ್ರತಿಲಿಪಿ ಥರದ ಕಥೆ ಓದೋ ಆ್ಯಪುಗಳಲ್ಲಿ, ಬ್ಲಾಗು ಬರೀ ಕಪಾಟು ಅಷ್ಟೆ. ಕಪಾಟೂ ಬೇಕು ಅನ್ನಿ.

ಲೇಖನ ಆದ್ಮೇಲೆ ಗ್ರೂಪಲ್ಲಿ ಹಂಚೋದು ಹೇಗೆ? ಅಡ್ಮಿನ್‌ಗೆ ಮೊದಲು ಒಂದು ಮೆಸೇಜ್ ಹಾಕಿ ಕೇಳಿ. ಅದೇ ಪ್ರಶ್ನೆ ನಾಲ್ಕನೇ ಸಲ ಬಂದಾಗ ಮೂರು ಸಾಲಲ್ಲಿ ಉತ್ತರ ಕೊಡಿ, ಅಳತೆ ಫೋಟೋ ಸಮೇತ ಇಲ್ಲಿದೆ ಅಂತ ಕೆಳಗೆ ಲಿಂಕ್ ಹಾಕಿ. ಲಿಂಕ್ ಒತ್ತದೇ ಇರೋರಿಗೂ ಉತ್ತರ ಸಿಕ್ಕಿರ್ಬೇಕು. ಗ್ರೂಪಲ್ಲಿ ಯಾರೋ ಹಾಕಿದ ರೋಗದ ಫೋಟೋ ಬ್ಲಾಗಿಗೆ ಬೇಕಿದ್ರೆ ಅವರನ್ನ ಕೇಳಿ ತಗೊಳ್ಳಿ, ಕೇಳಿದ್ರೆ ಇಲ್ಲ ಅಂದವರು ನನಗೆ ಇಲ್ಲಿವರೆಗೂ ಸಿಕ್ಕಿಲ್ಲ, ಕೇಳದೇ ಹಾಕಿದಾಗ ಜಗಳ ಆಗಿದೆ. ನಿಮ್ಮ ಬರಹನೂ ಹೆಸರು ಕಿತ್ತು ಫಾರ್ವರ್ಡ್ ಆಗುತ್ತೆ, ತಡೆಯೋಕಾಗಲ್ಲ, ನಾನು ಮಾಡೋ ಉಪಾಯ ಅಂದ್ರೆ ಹೆಸರನ್ನ ಕೊನೇಲಿ ಹಾಕದೇ ಬರಹದ ಮಧ್ಯದಲ್ಲಿ ನಮ್ಮೂರ ಹೆಸರು, ತೋಟದ ಹೆಸರು ಸೇರಿಸಿಬಿಡೋದು, ಕದಿಯೋರು ಬಾಲ ಕತ್ತರಿಸ್ತಾರೆ, ಹೊಟ್ಟೆ ಓದಲ್ಲ.

ಬಂದವರು ತಿರುಗಿ ಬರೋ ಹಾಗೆ ಮಾಡೋಕೆ ಈಮೇಲ್ ಸಬ್‌ಸ್ಕ್ರಿಪ್ಷನ್ ಅಂತೆಲ್ಲ ಯೂಟ್ಯೂಬಲ್ಲಿ ಹೇಳ್ತಾರೆ, ನಮ್ಮ ರೈತರಲ್ಲಿ ಈಮೇಲ್ ನೋಡೋರು ಯಾರು ಸ್ವಾಮಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಮಾಡಿ ನೋಡಿದೆ, ನನ್ನ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಹೋಗುತ್ತೆ, ಒಂದು ಲಿಸ್ಟಿಗೆ 256 ಜನ. 2023ರಲ್ಲಿ ವಾಟ್ಸಾಪ್ ಚಾನೆಲ್ ಬಂದ ಮೇಲೆ ಸುಲಭ ಆಯ್ತು, ಪ್ರತಿ ಲೇಖನದ ಕೆಳಗೆ ಅದ್ರ ಲಿಂಕ್ ಇಟ್ಟಿದೀನಿ, ತಿಂಗಳಿಗೆ ಎರಡು ಸಲಕ್ಕಿಂತ ಜಾಸ್ತಿ ಏನೂ ಹಾಕಲ್ಲ. ಸ್ವಂತ ಗ್ರೂಪ್ ಮಾತ್ರ ಮೊದಲ ವರ್ಷ ಮಾಡಬೇಡಿ. ಖಾಲಿ ಗ್ರೂಪಲ್ಲಿ ಯಾರೂ ಪ್ರಶ್ನೆ ಕೇಳಲ್ಲ, ತುಂಬಿದ ಮೇಲೆ ಎಲೆಕ್ಷನ್ ಫಾರ್ವರ್ಡ್ ಅಳಿಸೋದು, ಜಗಳ ಬಿಡಿಸೋದು, ಸಸಿ ಮಾರೋರನ್ನ ಓಡಿಸೋದು, ಇದೇ ಆಗುತ್ತೆ, ಬರೆಯೋಕೆ ಪುರುಸೊತ್ತು ಎಲ್ಲಿ.

ದಿನಕ್ಕೆ ಒಂದು ಗಂಟೆ ಸಿಗುತ್ತೆ ಅನ್ಕೊಳ್ಳಿ, ಮೊದಲ ಆರು ತಿಂಗಳು ಮುಕ್ಕಾಲು ಗಂಟೆ ಗ್ರೂಪಿಗೆ, ಕಾಲು ಗಂಟೆ ನೋಟ್‌ಬುಕ್ಕಿಗೆ. ಆಮೇಲೆ ಅದನ್ನ ತಿರುಗಿಸಿ, ಮುಕ್ಕಾಲು ಬ್ಲಾಗಿಗೆ. ತಿಂಗಳಿಗೊಂದ್ಸಲ ಬ್ಲಾಗರ್ ಸೆಟ್ಟಿಂಗ್ಸಲ್ಲಿ ಬ್ಯಾಕಪ್ ಒತ್ತಿ ಫೈಲ್ ಇಳಿಸ್ಕೊಂಡು ಪೆನ್‌ಡ್ರೈವಲ್ಲಿ ಇಟ್ಕೊಳ್ಳಿ, ಬ್ಲಾಗೂ ಪೂರ್ತಿ ಸ್ವಂತ ಜಮೀನೇನಲ್ಲ, ಅದೂ ಗೂಗಲ್ಲಿಂದೇ.

ಸರಿ, ನನಗೆ ಈಗ ಕೆಲಸ ಇದೆ. ಔಷಧಿ ಹೊಡೆಯೋಕೆ ಮರ ಹತ್ತೋ ಜನ ಸಿಗ್ತಿಲ್ಲ, ಕಾರ್ಬನ್ ಫೈಬರ್ ದೋಟಿ (ಕೆಳಗೇ ನಿಂತು ಔಷಧಿ ಹೊಡೆಯೋ ಉದ್ದ ಕೋಲು) ಎಷ್ಟು ಅಡಿದು ತಗೊಳ್ಳೋದು, ನಮ್ಮ ತೋಟ ಇಳಿಜಾರಲ್ಲಿದೆ ಅಂತ ಈ ವಾರ ಗ್ರೂಪಲ್ಲಿ ಇಬ್ರು ಕೇಳಿದ್ರು, ಇವತ್ತು ಬೆಳಿಗ್ಗೆ ಮೂರನೇಯವರು ಕೇಳಿದ್ದಾರೆ.