ಕಣದಾಗ ಬಿಡಾರ, ಗುಡ್ಡದಾಗ ರೇಸು

ಹೋದ ವರ್ಷ ಇದೇ ಗುಡ್ಡಗಾಡು ಸೈಕಲ್ ರೇಸಿನಲ್ಲಿ ನನ್ನ ಓಟ ಎರಡನೇ ಸುತ್ತಿಗೇ ಮುಗಿದಿತ್ತು. ಹಿಂದಿನ ಗಾಲಿಗೆ ಜಾಲಿಮುಳ್ಳು ನೆಟ್ಟಿತು. ಟ್ಯೂಬ್ ಬದಲಿಸಿ ಹೊರಟರೆ ಅರ್ಧ ಕಿಲೋಮೀಟರಿನಲ್ಲಿ ಮುಂದಿನ ಗಾಲಿಯೂ ಕೂತಿತು. ನನ್ನ ಹತ್ತಿರ ಇದ್ದದ್ದು ಒಂದೇ ಟ್ಯೂಬ್. ಸೈಕಲ್ಲನ್ನು ಹೆಗಲಿಗೇರಿಸಿ ಬಂಡಿದಾರಿ ಹಿಡಿದು ನಡೆದು ಬಂದೆ. ಆ ನಡಿಗೆಯನ್ನು ವರ್ಷವಿಡೀ ಮರೆಯಲಾಗಲಿಲ್ಲ. ಈ ಜನವರಿಯಲ್ಲಿ ಮತ್ತೆ ಅಲ್ಲಿಗೇ ಹೋದೆವು, ನಾಲ್ಕು ಜನ ಗೆಳೆಯರು, ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ. ನಮ್ಮ ಕಡೆಯ ನೆಲದಲ್ಲಿ ಮೊದಲ ಸಲ ಮೌಂಟೇನ್ ಬೈಕ್ ರೇಸಿಗೆ ಇಳಿಯುವವರಿಗೆ ಬೇಕಾದೀತೆಂದು, ಏನು ಮಾಡಿದೆವು, ಯಾವುದು ಕೈಹಿಡಿಯಿತು ಎಂಬುದನ್ನು ಬರೆದಿಡುತ್ತಿದ್ದೇನೆ.

ಜಾಗ ಗದಗ ಜಿಲ್ಲೆಯ ಕಪ್ಪತ್ತಗುಡ್ಡದ ಸೆರಗು. 'ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತ್ತಗಿರಿ ನೋಡು' ಎಂದು ನಮ್ಮಲ್ಲಿ ಮಾತೇ ಇದೆ. ಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದ್ದಾರೆ. ತೋಳ, ಕತ್ತೆಕಿರುಬ, ಚಿರತೆಗಳ ನೆಲೆ ಅದು. ಅದರೊಳಗೆ ರೇಸು ನಡೆಸುವ ಹಾಗಿಲ್ಲ, ರಾತ್ರಿ ತಂಗುವ ಹಾಗೂ ಇಲ್ಲ. ಹಾಗಿರುವುದೇ ಸರಿ. ರೇಸು ನಡೆದದ್ದು ಹೊರಗಿನ ಕುರುಚಲು ದಿಬ್ಬಗಳಲ್ಲಿ, ಊರಿನವರು ದನ ಮೇಯಿಸುವ ಜಾಗದಲ್ಲಿ. ನಾವು ಬಿಡಾರ ಹೂಡಿದ್ದು ಗೆಳೆಯನ ಹೊಲದ ಕಣದಲ್ಲಿ.

ನನಗೆ ಈ ಹುಚ್ಚು ಹತ್ತಿದ್ದು 2022ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ಗದಗಿನಲ್ಲೇ ನಡೆಯಿತು. ಹುಬ್ಬಳ್ಳಿಯಿಂದ ನೋಡಲು ಹೋಗಿದ್ದೆ. ನಾನು ನಡೆದು ಇಳಿಯಲೂ ಹೆದರುವಂಥ ಇಳುಕಲನ್ನು ಹೈಸ್ಕೂಲು ವಯಸ್ಸಿನ ಹುಡುಗ-ಹುಡುಗಿಯರು ಸೈಕಲ್ ಮೇಲೆ ಇಳಿಯುತ್ತಿದ್ದರು. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಎರಡು ತಿಂಗಳ ಸಂಬಳದಲ್ಲಿ ಉಳಿಸಿ ಸೆಕೆಂಡ್‌ಹ್ಯಾಂಡ್ ಸೈಕಲ್ ತಂದೆ: 29 ಇಂಚಿನ ಗಾಲಿ, ಮುಂದೆ 100 ಮಿ.ಮೀ. ಸಸ್ಪೆನ್ಷನ್.

ಟೈರಿನ ಮಾತಿನಿಂದಲೇ ಶುರು ಮಾಡುತ್ತೇನೆ. ಇಲ್ಲಿಯದು ಮಸಾರಿ ನೆಲ, ಮೇಲೆ ಗರಸು, ದಾರಿಯ ಅಂಚಿಗೆ ಬಳ್ಳಾರಿ ಜಾಲಿ, ನಡುವೆ ಅಲ್ಲಲ್ಲಿ ನೆಗ್ಗಿಲಮುಳ್ಳು. ಟ್ಯೂಬ್ ಹಾಕಿಕೊಂಡು ಪೂರ್ತಿ ಓಡಿದವರನ್ನು ನಾನು ಕಂಡದ್ದು ಕಡಿಮೆ. ಹಾಗಾಗಿ ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬಿಲ್ಲದೆ ಟೈರಿನಲ್ಲೇ ಗಾಳಿ ನಿಲ್ಲುವ ಹಾಗೆ ಮಾಡಿಕೊಂಡೆ. ಇದರಲ್ಲಿ ಅರ್ಧ ಕೆಲಸ ರಿಮ್ಮಿನ ಟೇಪಿನದು. ರಿಮ್ಮನ್ನು ಸ್ಪಿರಿಟ್ ಹಾಕಿ ಒರೆಸಿ, ಎಣ್ಣೆಪಸೆ ಪೂರ್ತಿ ಹೋದ ಮೇಲೆ ಟೇಪನ್ನು ಬಿಗಿಯಾಗಿ ಎಳೆದು ಸುತ್ತಬೇಕು. ಒಂದು ಗುಳ್ಳೆ ಉಳಿದರೂ ಗಾಳಿ ಅಲ್ಲಿಂದಲೇ ಸೋರುತ್ತದೆ. ನಾನು ಅವಸರ ಮಾಡಿ ಎರಡು ಸಲ ಬಿಚ್ಚಿ ಕಟ್ಟಿದೆ. ಟೈರಿನ ಅಂಚು ರಿಮ್ಮಿಗೆ ಕೂರಲು ಕಂಪ್ರೆಸರೇ ಬೇಕು ಅನ್ನುವವರಿದ್ದಾರೆ. ಮನೆಯಲ್ಲೂ ಆಗುತ್ತದೆ. ವಾಲ್ವಿನ ಒಳಗಿನ ಕೋರ್ ಬಿಚ್ಚಿ ತೆಗೆದು, ಟೈರಿನ ಅಂಚಿಗೆ ಸೋಪಿನ ನೀರು ಸವರಿ, ಕಾಲಲ್ಲಿ ಅದುಮಿ ಹೊಡೆಯುವ ದೊಡ್ಡ ಪಂಪಿನಿಂದ ಬಿಡದೆ ಗಾಳಿ ಹೊಡೆದರೆ 'ಟಪ್ ಟಪ್' ಅಂತ ಸದ್ದು ಮಾಡುತ್ತಾ ಕೂರುತ್ತದೆ. ಆಮೇಲೆ ಒಂದೊಂದು ಟೈರಿಗೆ 100 ಮಿ.ಲೀ. ಸೀಲಂಟ್, ಅಂದರೆ ಮುಳ್ಳಿನ ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ. ನಮ್ಮ ಬಿಸಿಲಿಗೆ ಅದು ಎರಡು-ಮೂರು ತಿಂಗಳಲ್ಲಿ ಒಣಗಿ ಒಳಗೇ ರಬ್ಬರಿನ ಪೊರೆಯಾಗಿ ಬಿಡುತ್ತದೆ. ಅದಕ್ಕೇ ರೇಸಿಗೆ ವಾರ ಮುಂಚೆ ಹೊಸದು ಹಾಕಿದೆ.

ಶನಿವಾರ ಬೆಳಿಗ್ಗೆ ನಾಲ್ಕೂ ಸೈಕಲ್ಲುಗಳನ್ನು ಬಾಡಿಗೆಯ ಟಾಟಾ ಏಸ್‌ನಲ್ಲಿ ನಿಲ್ಲಿಸಿ, ನಡುವೆ ಹಳೆಯ ಕಂಬಳಿ ತುರುಕಿ ಹಗ್ಗ ಬಿಗಿದೆವು. ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿ.ಮೀ.; ಅಲ್ಲಿಂದ ಮುಂಡರಗಿ ರಸ್ತೆ ಹಿಡಿದು ಇನ್ನಷ್ಟು ಮುಂದೆ. ನಾಲ್ವರಲ್ಲಿ ಒಬ್ಬ ಬ್ಯಾಂಕಿನವ, ಒಬ್ಬರು ಹೈಸ್ಕೂಲು ಮಾಸ್ತರು, ಇನ್ನೊಬ್ಬ ಹೊಲದ ಮನೆಯ ಮಗ. ಮಧ್ಯಾಹ್ನ ಊಟ ಮಾಡಿ ನೇರ ಟ್ರ್ಯಾಕಿಗೆ ಹೋದೆವು.

ಮೊದಲ ಸುತ್ತನ್ನು ಸೈಕಲ್ ಇಲ್ಲದೆ ಕಾಲ್ನಡಿಗೆಯಲ್ಲೇ ಮುಗಿಸಿದೆವು. ಇದು ಮಾಸ್ತರ ಹಟ, ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ. ಒಂದು ಸುತ್ತು ಸುಮಾರು 5 ಕಿ.ಮೀ. ಶುರುವಿಗೆ ಅಗಲವಾದ ಬಂಡಿದಾರಿ, ಆಮೇಲೆ ಒಬ್ಬರೇ ಹೋಗಬಹುದಾದ ಕಾಲುದಾರಿಯ ಏರು, ತುದಿಯಲ್ಲಿ ಹಾಸುಬಂಡೆ, ಅದರಿಂದ ಕಡಿದಾದ ಇಳುಕಲು, ಕೆಳಗೆ ಉಸುಕಿನ ಹಳ್ಳ. ಸೈಕಲ್ ಮೇಲಿದ್ದಾಗ ಕಣ್ಣು ಮುಂದಿನ ಗಾಲಿಯ ಹತ್ತಿರದ ಕಲ್ಲಿಗೇ ಅಂಟಿಕೊಳ್ಳುತ್ತದೆ. ನಡೆಯುವಾಗ ನಿಂತು ನೋಡಬಹುದು, ಹಿಂದಕ್ಕೆ ಹೋಗಿ ಇನ್ನೊಂದು ಕಡೆಯಿಂದ ಬರಬಹುದು. ಹಾಸುಬಂಡೆಯ ಇಳುಕಲಿಗೆ ಎರಡು ದಾರಿ ಇದ್ದವು. ನೇರ ಇಳಿದರೆ ಕೆಳಗೆ ಮೊಳಕಾಲೆತ್ತರದ ಮೆಟ್ಟಿಲಿನಂಥ ಜಿಗಿತ. ಬಲಕ್ಕೆ ಸುತ್ತಿ ಬಂದರೆ ಉದ್ದ, ಆದರೆ ಗಾಲಿ ನೆಲ ಬಿಡುವುದಿಲ್ಲ. ಅಲ್ಲೇ ಹತ್ತು ನಿಮಿಷ ಕೂತು, ಅಭ್ಯಾಸಕ್ಕೆ ಬಂದ ಹುಡುಗರು ಇಳಿಯುವುದನ್ನು ನೋಡಿದೆ. ಸುತ್ತು ದಾರಿಗೆ ಏಳೆಂಟು ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು. ನಾಲ್ಕು ಸುತ್ತಿಗೆ ಅರ್ಧ ನಿಮಿಷ. ನಾಲ್ಕೂ ಸುತ್ತು ಬಲದ ದಾರಿಯಲ್ಲೇ ಇಳಿಯುತ್ತೇನೆಂದು ಅಲ್ಲೇ ತೀರ್ಮಾನಿಸಿದೆ, ರೇಸಿನ ನಡುವೆ ಮನಸ್ಸು ಬದಲಿಸುವುದಿಲ್ಲವೆಂದು ಗೆಳೆಯರ ಮುಂದೆ ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ಆಮೇಲೆ ಸೈಕಲ್ ಮೇಲೆ ಎರಡು ಸುತ್ತು. ಹಿಂದಿನ ಟೈರಿನಲ್ಲಿ ಗಾಳಿಯ ಒತ್ತಡ 23 ಪಿಎಸ್‌ಐ ಇಟ್ಟಿದ್ದೆ. ಬಂಡೆಯ ಅಂಚಿಗೆ ರಿಮ್ಮು 'ಠಣ್' ಎಂದಿತು. 25ಕ್ಕೆ ಏರಿಸಿದೆ, ಮುಂದಿನದು 22. ನನ್ನ ತೂಕ 68 ಕಿಲೋ. ತೂಕ ಹೆಚ್ಚಿರುವವರು ಇನ್ನಷ್ಟು ಏರಿಸಬೇಕು. ಗಾಳಿ ಕಡಿಮೆ ಇದ್ದಷ್ಟೂ ಗರಸಿನ ಮೇಲೆ ಹಿಡಿತ ಹೆಚ್ಚು, ಕಡಿಮೆ ಆದಷ್ಟೂ ರಿಮ್ಮಿಗೆ ಏಟು. ಎರಡರ ನಡುವಿನ ಅಂಕಿ ನೆಲದಿಂದ ನೆಲಕ್ಕೆ ಬೇರೆ, ಅದನ್ನು ಅಲ್ಲೇ ಹುಡುಕಬೇಕು.

ಎರಡನೇ ಸುತ್ತಿನಲ್ಲಿ ಬ್ಯಾಂಕಿನವ ಹಳ್ಳದಲ್ಲಿ ಬಲಮಗ್ಗುಲಿಗೆ ಬಿದ್ದ. ಮೈಗೆ ತರಚಿದ್ದು ಅಷ್ಟೇ, ಆದರೆ ಹಿಂದಿನ ಗೇರ್ ಕೂರುವ ಹ್ಯಾಂಗರ್ ಒಳಕ್ಕೆ ಬಾಗಿತ್ತು. ಸರಪಳಿ ಯಾವ ಗೇರಿನಲ್ಲೂ ನಿಲ್ಲುತ್ತಿರಲಿಲ್ಲ. ಹೊಸ ಹ್ಯಾಂಗರ್ ಹತ್ತಿರದಲ್ಲೆಲ್ಲೂ ಸಿಗುವಂಥದ್ದಲ್ಲ. ಒಂದೊಂದು ಫ್ರೇಮಿಗೂ ಬೇರೆ ಬೇರೆ. ಅವನ ಮುಖ ಬಾಡಿತು. ಮಾಸ್ತರು ಮಾತ್ರ, "ನನ್ನ ಹಳೇ ಹಿಂದಿನ ಗಾಲಿ ತಂದೇನಿ, ನಡೀರಿ ನೋಡೋಣು" ಎಂದರು.

ಅವರು ಮಾಡಿದ ಉಪಾಯ ಎಲ್ಲರಿಗೂ ಗೊತ್ತಿರಬೇಕು. ಕ್ವಿಕ್ ರಿಲೀಸ್ (ಪಾನಾ ಇಲ್ಲದೆ ಕೈಯಲ್ಲೇ ಹಿಡಿ ತಿರುಗಿಸಿ ಬಿಚ್ಚುವ ವ್ಯವಸ್ಥೆ) ಇರುವ ಹಳೆಯ ಹಿಂದಿನ ಗಾಲಿಯ ಆಕ್ಸಲ್‌ಗೂ ಹ್ಯಾಂಗರಿನ ತೂತಿಗೂ ಒಂದೇ ಅಳತೆಯ ತಿರುಪು, 10 ಮಿ.ಮೀ.ದು. ಗೇರ್ ಬಿಚ್ಚಿ, ಆ ಗಾಲಿಯ ಆಕ್ಸಲನ್ನು ಹ್ಯಾಂಗರಿಗೆ ತಿರುಗಿಸಿ ಕೂರಿಸಿದರೆ ಸೈಕಲ್ಲಿನ ಗಾಲಿಯ ಪಕ್ಕದಲ್ಲೇ ಇನ್ನೊಂದು ಗಾಲಿ ನಿಲ್ಲುತ್ತದೆ. ಎರಡೂ ರಿಮ್ಮುಗಳ ನಡುವಿನ ಅಂತರವನ್ನು ಮೇಲೆ, ಕೆಳಗೆ, ಮುಂದೆ, ಹಿಂದೆ ಅಳೆದು, ಎಲ್ಲ ಕಡೆ ಸಮ ಬರುವವರೆಗೆ ಹೊರಗಿನ ಗಾಲಿಯನ್ನು ಮೆಲ್ಲಗೆ ಎಳೆಯಬೇಕು. ಅಲ್ಯೂಮಿನಿಯಂ ಆದ್ದರಿಂದ ಒಂದೇ ಸಲಕ್ಕೆ ಜೋರು ಮಾಡಿದರೆ ಮುರಿಯುತ್ತದೆ. ಅಳತೆಪಟ್ಟಿ ಇರಲಿಲ್ಲ, ಜೋಳದ ದಂಟೊಂದನ್ನು ಉದ್ದಕ್ಕೆ ಸರಿಯಾಗಿ ಮುರಿದು ಅದರಲ್ಲೇ ಅಳೆದೆವು. ಕತ್ತಲಾಗುವ ಹೊತ್ತಿಗೆ ಗೇರುಗಳು ಒಂದೊಂದಾಗಿ ಬೀಳತೊಡಗಿದವು.

ಟೆಂಟು ಹೂಡಿದ್ದು ಅದರ ನಂತರ. ಹೊಲದ ಯಜಮಾನರನ್ನು, ಅಂದರೆ ಗೆಳೆಯನ ಅಪ್ಪನನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ಜೋಳದ ರಾಶಿಗೆಂದು ಅವರು ಕಣವನ್ನು ಸೆಗಣಿ ಸಾರಿಸಿ ಗಟ್ಟಿ ಮಾಡಿಟ್ಟಿದ್ದರು. ಅದಕ್ಕೆ ಗೂಟ ಹೊಡೆಯುವುದೆಂದರೆ ಅವರ ವಾರದ ದುಡಿಮೆಗೆ ತೂತು ಕೊರೆದಂತೆ. ಹಗ್ಗಗಳನ್ನು ಒಂದು ಕಡೆ ಬಂಡಿಯ ಗಾಲಿಗೆ, ಉಳಿದ ಕಡೆ ದೊಡ್ಡ ಕಲ್ಲುಗಳಿಗೆ ಕಟ್ಟಿದೆವು. ಮೇವಿನ ಬಣವೆಯ ಮರೆಯಲ್ಲಿ ಗಾಳಿ ಕಡಿಮೆ. ಬಾಗಿಲನ್ನು ಪಡುವಣಕ್ಕೆ ಇಟ್ಟೆವು, ಯಾಕೆಂದರೆ ಈ ತಿಂಗಳಲ್ಲಿ ಚಳಿಗಾಳಿ ಮೂಡಣದಿಂದ ಬೀಸುತ್ತದೆ. ಬೆಂಕಿಗೆ ಜಾಗ ಹುಡುಕುವಾಗ ಕಾಕಾ ಎದ್ದು ಬಂದರು:

"ತಮ್ಮಾ, ಬಣವಿ ಸನ್ಯಾಕ ಬೆಂಕಿ ಹಚ್ಚಬ್ಯಾಡ್ರಿ. ಗಾಳಿ ರಾತ್ರಿ ತಿರಗತೈತಿ."

ದೂರದ ಒಡ್ಡಿನ ಆಚೆ ತಗ್ಗಿನಲ್ಲಿ ಕುಳ್ಳು ಹೊತ್ತಿಸಿದರು. ಸೀತನಿಯ ಕಾಲ ಅದು. ಕಾಳಿನಲ್ಲಿ ಇನ್ನೂ ಹಾಲಿರುವ ಬಿಳಿಜೋಳದ ತೆನೆಗಳನ್ನು ಕಿತ್ತು ತಂದು ಕೆಂಡಬೂದಿಯಲ್ಲಿ ಹುಗಿದರು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ ಮೊರದಲ್ಲಿ ಕೇರಿದರು. ಶೇಂಗಾ ಚಟ್ನಿ, ಬೆಲ್ಲ, ಮೊಸರು. ನನಗೆ ಇದಕ್ಕಿಂತ ರುಚಿಯಾದದ್ದು ಗೊತ್ತಿಲ್ಲ. ಆದರೂ ಎರಡು ಹಿಡಿಗೆ ನಿಲ್ಲಿಸಿದೆ. ರೇಸಿನ ಹಿಂದಿನ ರಾತ್ರಿ ಹೊಟ್ಟೆಗೆ ಹೊಸದು, ಭಾರದ್ದು, ಖಾರದ್ದು ಯಾವುದೂ ಹೆಚ್ಚು ಹೋಗಬಾರದು. ಅಕ್ಕೋರು, ಅಂದರೆ ಗೆಳೆಯನ ಅವ್ವ, ಕಳಿಸಿದ ರೊಟ್ಟಿ ಎಣಗಾಯಿಯಲ್ಲಿ ಒಂದೇ ರೊಟ್ಟಿ ತಿಂದು, ಅನ್ನ ಮೊಸರು ಹೆಚ್ಚು ಉಂಡೆ.

ಬೆಂಕಿಯ ಸುತ್ತ ಕೂತಾಗ ಕಾಕಾ ತಮ್ಮ ವಯಸ್ಸಿನ ಕಾಲದ ಸೈಕಲ್ ಶರ್ಯತ್ತಿನ ಮಾತು ತೆಗೆದರು. ಜಾತ್ರೆಗೆ ಊರೂರಿನವರು ಬರುತ್ತಿದ್ದರಂತೆ. ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಎಲ್ಲ ಬಿಚ್ಚಿಟ್ಟು, ಮಣ್ಣುರಸ್ತೆಯಲ್ಲಿ ಹೊಡೆಯುವುದು. ಗೆದ್ದವನಿಗೆ ತಾಮ್ರದ ಕೊಡ. ಆಗ ಮಾಸ್ತರು ಹೇಳಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಕಥೆ. ಫೇರ್‌ಫ್ಯಾಕ್ಸ್ ಎಂಬ ಊರಿನ ಹತ್ತಿರದ ಗುಡ್ಡದಲ್ಲಿ 1976ರಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಇಳುಕಲಿಗೆ ಬಿಟ್ಟು ಪಂದ್ಯ ಕಟ್ಟಿದರು. ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಗಾಲಿಯ ನಡುವಿನ ಹಬ್‌ನ ಗ್ರೀಸೆಲ್ಲ ಸುಟ್ಟು ಹೊಗೆಯಾಗಿರುತ್ತಿತ್ತು. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಾಗಿದ್ದರಿಂದ ಆ ಪಂದ್ಯಕ್ಕೆ ರೀಪ್ಯಾಕ್ ಎಂದೇ ಹೆಸರು. ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಮೌಂಟೇನ್ ಬೈಕ್ ರೇಸು ಒಲಿಂಪಿಕ್ಸಿಗೆ ಬಂತು. ಕಾಕಾ ಕೆಂಡ ಕೆದಕುತ್ತಾ ಕೇಳುತ್ತಿದ್ದವರು, "ಅಂದ್ರ ಅವರೂ ನಮ್ಹಂಗ ಇದ್ದ ಸೈಕಲ್ಲೇ ಬಿಚ್ಚಿ ಹೊಡದಾರ" ಎಂದರು. ಅವರ ಮುಖದಲ್ಲಿ ಅರಳಿದ ಖುಷಿ ನನ್ನ ಕಣ್ಣಲ್ಲಿ ಈಗಲೂ ಇದೆ.

ರಾತ್ರಿ ಚಳಿ ಚೆನ್ನಾಗಿತ್ತು. ಕೆಳಗೆ ಹಾಸಲು ತಂದ ಫೋಮಿಗಿಂತ ಅಕ್ಕೋರು ಕೊಟ್ಟ ಎರಡು ಕೌದಿಗಳೇ ನೆಲದ ತಣುವನ್ನು ತಡೆದವು. ಟೆಂಟಿನ ಮೇಲಿನ ಕಿಂಡಿಯನ್ನು ತೆರೆದೇ ಮಲಗಬೇಕು. ಮುಚ್ಚಿದರೆ ನಮ್ಮ ಉಸಿರೇ ನೀರಾಗಿ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಪಕ್ಕದ ಹೊಲದಲ್ಲಿ ಕುರಿ ತರುಬಿಸಿದ್ದರು. ಕುರಿಗಾಹಿಗಳ ನಾಯಿಗಳು ರಾತ್ರಿ ಎರಡು ಸಲ ಗುಡ್ಡದ ಕಡೆ ಮುಖ ಮಾಡಿ ಬೊಗಳಿದವು. ತಿಂಗಳುಗಟ್ಟಲೆ ಹೀಗೆ ಬಯಲಲ್ಲೇ ಮಲಗುವ ಅವರಲ್ಲೊಬ್ಬ ಅಜ್ಜ ಬೆಳಿಗ್ಗೆ ನಮ್ಮ ಟೆಂಟಿನ ಬಟ್ಟೆ ಮುಟ್ಟಿ ನೋಡಿ, "ಕಂಬಳಿ ಬೇಸಿರತೈತಿ ನೋಡ್ರಿ" ಎಂದು ಹೋದ.

ರೇಸು ಏಳೂವರೆಗೆ. ಐದಕ್ಕೆ ಎದ್ದು ಅವಲಕ್ಕಿ, ಬಾಳೆಹಣ್ಣು, ಚಹಾ. ಜೇಬಿನಲ್ಲಿ ಎರಡು ಶೇಂಗಾ ಉಂಡಿ, ಬೆಲ್ಲ-ಉಪ್ಪು-ನಿಂಬೆ ಬೆರೆಸಿದ ನೀರು ಒಂದು ಬಾಟಲಿ. ನಮ್ಮ ವಿಭಾಗದಲ್ಲಿ 41 ಜನ, ನಾಲ್ಕು ಸುತ್ತು.

ಬಂಡಿದಾರಿಯಲ್ಲಿ ಎಲ್ಲರೂ ಹುಚ್ಚೆದ್ದು ಹೊಡೆದರು, ಕಾಲುದಾರಿ ಸಣ್ಣದಾಗುವ ಮುಂಚೆ ಮುಂದೆ ಹೋಗಬೇಕೆಂದು. ನಾನೂ ಹೊಡೆದೆ, ಆದರೆ ಉಸಿರು ಮಾತಾಡಲಾಗದಷ್ಟು ಏರಿದ ತಕ್ಷಣ ಸಡಿಲ ಬಿಟ್ಟೆ. ಏರಿನಲ್ಲಿ ಸೀಟಿನ ಮೂಗಿಗೆ ಸರಿದು ಎದೆ ಬಗ್ಗಿಸಿ ಕೂತರೆ ಮುಂದಿನ ಗಾಲಿ ಏಳುವುದಿಲ್ಲ, ಹಿಂದಿನದು ಗರಸಿನಲ್ಲಿ ಜಾರುವುದಿಲ್ಲ. ನಿಂತು ತುಳಿದವರು ನನ್ನ ಮುಂದೆಯೇ ಮೂವರು ಜಾರಿ ಕಾಲು ಊರಿದರು. ಹಾಸುಬಂಡೆಗೆ ಬಂದಾಗ ಬಲಕ್ಕೆ ತಿರುಗಿದೆ. ಇಬ್ಬರು ನೇರ ಇಳಿದು ನನ್ನನ್ನು ದಾಟಿದರು. ಹಳ್ಳದ ಉಸುಕಿನಲ್ಲಿ ಮೈಭಾರ ಹಿಂದೆ ಹಾಕಿ, ಹ್ಯಾಂಡಲನ್ನು ತಿರುಗಿಸದೆ, ತುಳಿಯುವುದನ್ನು ನಿಲ್ಲಿಸದೆ ಹೋದರೆ ದಾಟಬಹುದು. ಹ್ಯಾಂಡಲ್ ಗಟ್ಟಿಯಾಗಿ ಹಿಡಿದರೆ ಗಾಲಿ ಹೂತುಕೊಳ್ಳುತ್ತದೆ.

ಎರಡನೇ ಸುತ್ತಿನ ಏರಿನಲ್ಲಿ ಹಿಂದಿನಿಂದ 'ಸುಯ್' ಎಂದಿತು. ಹೋದ ವರ್ಷದ ಜಾಗ ಅದೇ, ಐವತ್ತು ಹೆಜ್ಜೆ ಆಚೀಚೆ. ಎದೆ ಧಸಕ್ಕೆಂದಿತು. ಇಳಿದು, ಬಿಳಿ ಸೀಲಂಟು ಚಿಮ್ಮುತ್ತಿದ್ದ ತೂತು ಕೆಳಗೆ ಬರುವ ಹಾಗೆ ಗಾಲಿ ತಿರುಗಿಸಿ ಹಿಡಿದು ನಿಂತೆ. ಸೀಲಂಟು ತೂತಿನ ಮೇಲೆ ಕೂಡಿಕೊಳ್ಳಬೇಕು, ಅಷ್ಟೇ. ಇಪ್ಪತ್ತು ಎಣಿಸುವಷ್ಟರಲ್ಲಿ ಸದ್ದು ನಿಂತಿತು. ಹೆಬ್ಬೆರಳಲ್ಲಿ ಒತ್ತಿ ನೋಡಿದೆ, ಗಾಳಿ ಸಾಕಷ್ಟು ಉಳಿದಿತ್ತು. ಆರು ಜನ ದಾಟಿ ಹೋಗಿದ್ದರು. ಹೋಗಲಿ, ಗಾಲಿ ಉರುಳುತ್ತಿತ್ತು.

ಮೂರನೇ ಸುತ್ತಿನಲ್ಲಿ ಹಾಸುಬಂಡೆಯ ನೇರ ದಾರಿಯಲ್ಲಿ ಇಬ್ಬರು ಬಿದ್ದಿದ್ದರು. ಒಬ್ಬ ಮೊಣಕೈ ಹಿಡಿದು ಕೂತಿದ್ದ, ಪ್ರಥಮ ಚಿಕಿತ್ಸೆಯವರು ಆಗಲೇ ಬಂದಿದ್ದರು. ದಣಿದ ಕೈ ಮೊದಲ ಸುತ್ತಿನ ಕೈಯಂತೆ ಇರುವುದಿಲ್ಲ. ನಾನು ಬಲಕ್ಕೇ ತಿರುಗಿದೆ, ನಾಲ್ಕನೆಯದರಲ್ಲೂ. 1 ಗಂಟೆ 14 ನಿಮಿಷಕ್ಕೆ ಗೆರೆ ದಾಟಿದಾಗ 17ನೆಯವನು. ಮಾಸ್ತರು 11.

ಆಮೇಲೆ ನಾವೆಲ್ಲ ಬ್ಯಾಂಕಿನವನಿಗಾಗಿ ಕಾದೆವು. ಈ ಬಗೆಯ ರೇಸುಗಳಲ್ಲಿ ಮೊದಲಿಗನ ಮೊದಲ ಸುತ್ತಿಗೆ ಹಿಡಿದ ಸಮಯದ ಶೇ 80ರಷ್ಟು ಹಿಂದೆ ಬಿದ್ದವರನ್ನು ತಡೆದು ನಿಲ್ಲಿಸುತ್ತಾರೆ. ಇಲ್ಲಿ ಆ ಸುತ್ತು 15 ನಿಮಿಷದ್ದು, ಹಾಗಾಗಿ ಗಡುವು 12 ನಿಮಿಷ. ಮೂರನೇ ಸುತ್ತಿನ ಕೊನೆಗೆ ಅವನು ಹತ್ತು ನಿಮಿಷ ಹಿಂದಿದ್ದ, ನಾಲ್ಕನೆಯದಕ್ಕೆ ಬಿಟ್ಟರು. ಕೊನೆಯವರಲ್ಲೊಬ್ಬನಾಗಿ ಧೂಳಿನ ನಡುವೆ ಬಂದಾಗ ಹ್ಯಾಂಗರ್ ನೆಟ್ಟಗೇ ಇತ್ತು. ಗೆರೆಯ ಹತ್ತಿರ ನಿಂತಿದ್ದ ಕಾಕಾ ಅವನ ಬೆನ್ನು ತಟ್ಟಿ ಅಪ್ಪಿಕೊಂಡರು.

ಮನೆಗೆ ಬಂದು ಎರಡೂ ಟೈರುಗಳನ್ನು ತೊಳೆದು ನೋಡಿದೆ: ಒಟ್ಟು 14 ಮುಳ್ಳು. ಒಂದೊಂದನ್ನೇ ಕಿತ್ತು, ತೂತು ಕೆಳಗೆ ಮಾಡಿ, ಸೀಲಂಟು ಮುಚ್ಚಿಕೊಳ್ಳುವವರೆಗೆ ಕಾದು ಮುಂದಿನದಕ್ಕೆ ಹೋದೆ. ಅಕ್ಕೋರು ಮರಳಿ ಪಡೆಯಲೊಪ್ಪದೆ ಬಂಡಿಗೆ ಹಾಕಿ ಕಳಿಸಿದ ಎರಡು ಕೌದಿಗಳು ಒಗೆದು ಮಾಳಿಗೆಯ ಮೇಲೆ ಒಣಗುತ್ತಿವೆ. ಬರುವ ತಿಂಗಳು ರಾಶಿಯ ಹೊತ್ತಿಗೆ ಹೋಗಿ ಅವನ್ನು ಕೊಟ್ಟು, ಎರಡು ದಿನ ಕಣದಲ್ಲಿ ಕೈಜೋಡಿಸುವುದೆಂದು ಮಾತಾಗಿದೆ. ಸೈಕಲ್ಲನ್ನೂ ಒಯ್ಯುತ್ತೇನೆ. ಹಾಸುಬಂಡೆಯ ನೇರ ದಾರಿಯನ್ನು, ಯಾರ ಅವಸರವೂ ಇಲ್ಲದ ಒಂದು ಬೆಳಿಗ್ಗೆ, ಮಾಸ್ತರನ್ನು ಕೆಳಗೆ ನಿಲ್ಲಿಸಿಕೊಂಡು ಕಲಿಯಬೇಕು.